ಇರುಳನ್ನು ಎಣಿಸುವ ಬೆಳಗಿನ ಹೂ

1999ರ ಮಾತು. ತಿರುಮಕೂಡಲು ನರಸೀಪುರದ ಪ್ರೌಢಶಾಲೆಯೊಂದಕ್ಕೆ ವಿಜ್ಞಾನದ ಮೇಷ್ಟರಾಗಿ ನಾನು ಹೊಸದಾಗಿ ಸೇರಿದ್ದೆ. ದಸರಾ ರಜೆಗೆ ಮುಂಚೆ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯ ಹತ್ತಿರದ ಯಾವುದಾದರೂ ಒಂದು ಹೂವನ್ನು ಹದಿನೈದು ದಿನ ಗಮನಿಸಬೇಕು, ಕಂಡದ್ದನ್ನು ನೋಟ್‌ಪುಸ್ತಕದಲ್ಲಿ ಬರೆದು ತರಬೇಕು. ರಜೆ ಮುಗಿಯಿತು. ಹೆಚ್ಚಿನವರು ದಾಸವಾಳದ ಚಿತ್ರ ಬರೆದು, ಪಠ್ಯಪುಸ್ತಕದಲ್ಲಿದ್ದ ಪುಷ್ಪಪತ್ರ, ಪುಷ್ಪದಳಗಳ ವಿವರವನ್ನು ಹಾಗೇ ಇಳಿಸಿಕೊಂಡು ಬಂದಿದ್ದರು.

ಒಬ್ಬ ಹುಡುಗಿ ಮಾತ್ರ ತನ್ನ ಮನೆಯ ಬೇಲಿಯ ಮೇಲೆ ಹಬ್ಬಿದ್ದ ನೀಲಿ ಹೂವಿನ ಬಗ್ಗೆ ಬರೆದಿದ್ದಳು. ಅವಳ ತಾಯಿ ಹೂವಿನ ವ್ಯಾಪಾರ ಮಾಡುವವರು. ಕಾಕಡ ಬಿಡಿಸಿ ಮೈಸೂರಿನ ಮೊದಲ ಬಸ್ಸು ಹಿಡಿಯಬೇಕಾದ್ದರಿಂದ ಮನೆಯವರೆಲ್ಲ ನಾಲ್ಕು ಗಂಟೆಗೇ ಏಳುತ್ತಿದ್ದರು. ಅವಳು ಬರೆದಿದ್ದ ಒಂದು ವಾಕ್ಯ ನನಗೆ ಇವತ್ತಿಗೂ ನೆನಪಿದೆ: ‘ಈ ಹೂ ಸೂರ್ಯ ಹುಟ್ಟಿದ ಮೇಲೆ ಅರಳುವುದಿಲ್ಲ. ನಾವು ಕಾಕಡ ಬಿಡಿಸಲು ಹೋಗುವ ಹೊತ್ತಿಗೇ ಅರಳಿರುತ್ತದೆ.’

ನಾನು ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ‘ಸೂರ್ಯನ ಬೆಳಕಿನಿಂದ ಹೂ ಅರಳುತ್ತದೆ, ತಿದ್ದಿಕೊಳ್ಳುವುದು’ ಎಂದು ಬರೆದೆ. ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಅವಳು ಮೆಲ್ಲಗೆ, “ಬ್ಯಾಟರಿ ಬಿಟ್ಟು ನೋಡಿದೀನಿ ಸಾರ್” ಎಂದಳು. “ಪುಸ್ತಕದಲ್ಲಿ ಏನಿದೆ ನೋಡಮ್ಮ” ಎಂದು ಹೇಳಿ ನಾನು ಮುಂದಿನ ನೋಟ್‌ಪುಸ್ತಕ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ, ಆ ಹೂವಿನ ಬಗ್ಗೆ ಪುಸ್ತಕದಲ್ಲಿ ಏನೂ ಇರಲಿಲ್ಲ.

ಐದಾರು ವರ್ಷ ಕಳೆಯಿತು. ಅಷ್ಟರಲ್ಲಿ ನಂಜನಗೂಡಿಗೆ ಮನೆ ಬದಲಾಯಿಸಿದ್ದೆವು. ಕಾರ್ತಿಕ ಸೋಮವಾರದ ದಿನ ಮನೆಯವರ ಜೊತೆ ಕಪಿಲಾ ಸ್ನಾನಕ್ಕೆಂದು ಬೆಳಗಿನ ಐದಕ್ಕೆ ಮುಂಚೆಯೇ ಹೊರಟೆ. ಕತ್ತಲು ಇನ್ನೂ ಹರಿದಿರಲಿಲ್ಲ. ಗೇಟಿನ ಬೀಗ ತೆಗೆಯಲು ಬ್ಯಾಟರಿ ಬಿಟ್ಟರೆ, ಕಾಂಪೌಂಡಿನ ಮೇಲೆ ನಾನೇ ಹಬ್ಬಿಸಿದ್ದ ಬಳ್ಳಿಯ ತುಂಬ ನೀಲಿ ಹೂಗಳು! ಒಂದೊಂದೂ ಪೂರ್ತಿ ಅರಳಿ ನಿಂತಿತ್ತು. ಸೂರ್ಯೋದಯಕ್ಕೆ ಇನ್ನೂ ಒಂದು ಗಂಟೆಗೂ ಮಿಕ್ಕಿ ಸಮಯವಿತ್ತು. ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಅವಳು ಕಂಡದ್ದನ್ನು ಬರೆದಿದ್ದಳು. ಕಾಣದೆ ತಿದ್ದಿದವನು ನಾನು.

ಅಂದಿನಿಂದ ಪ್ರತಿ ವರ್ಷವೂ ಈ ಬಳ್ಳಿಯನ್ನು ಬೆಳೆಸುತ್ತ ಬಂದಿದ್ದೇನೆ, ಮಕ್ಕಳಿಂದಲೂ ಬೆಳೆಸುತ್ತಿದ್ದೇನೆ. ನೀವೂ ಬೆಳೆಸಬೇಕೆಂಬುದೇ ಈ ಲೇಖನದ ಉದ್ದೇಶ.

ಗೆಣಸಿನ ನೆಂಟ

ಬೀಜದಂಗಡಿಯಲ್ಲಿ ‘ಮಾರ್ನಿಂಗ್ ಗ್ಲೋರಿ’ ಎಂದು ಕೇಳಿದರೆ ಇದರ ಬೀಜ ಸಿಗುತ್ತದೆ. ಹೆಸರು ಒಂದೇ ಆದರೂ ಬಳ್ಳಿ ಒಂದೇ ಅಲ್ಲ. ಐಪೋಮಿಯ ಎಂಬ ದೊಡ್ಡ ಕುಲದ ಹಲವು ಜಾತಿಗಳಿಗೆ ಈ ಹೆಸರಿದೆ. ಮೂರು ಹಾಲೆಗಳ ಎಲೆಯ ಐಪೋಮಿಯ ನಿಲ್, ಹೃದಯಾಕಾರದ ಎಲೆಯ ಐಪೋಮಿಯ ಪರ್ಪ್ಯೂರಿಯ, ಆಕಾಶನೀಲಿ ಹೂವಿನ ಐಪೋಮಿಯ ಟ್ರೈಕಲರ್, ಈ ಮೂರು ತೋಟಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಮೊದಲನೆಯದಕ್ಕೆ ಗಿಡಮೂಲಿಕೆಯ ಪುಸ್ತಕಗಳಲ್ಲಿ ಗೌರಿಬೀಜ ಎಂಬ ಹೆಸರಿದೆ.

ಇದರ ನೆಂಟರನ್ನು ನೀವು ಈಗಾಗಲೇ ಬಲ್ಲಿರಿ. ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಯ ಜೊತೆ ಬೇಯಿಸಿ ತಿನ್ನುವ ಗೆಣಸು ಇದೇ ಕುಲದ್ದು. ಗೆಣಸಿನ ಹೂ ಕಂಡರೆ ಮಾರ್ನಿಂಗ್ ಗ್ಲೋರಿಯ ತಂಗಿ ಎನ್ನುವಂತಿರುತ್ತದೆ. ಎಳೆಎಳೆಯಾದ ಎಲೆಗಳ ನಡುವೆ ಕೆಂಪು ನಕ್ಷತ್ರದಂಥ ಹೂ ಬಿಡುವ ಕಾಮಲತೆ, ಕರಾವಳಿಯ ಮರಳ ದಿಬ್ಬಗಳ ಮೇಲೆ ಹರಡುವ ಅಡುಂಬು ಬಳ್ಳಿ ಇವೂ ಐಪೋಮಿಯಗಳೇ. ಹುಲ್ಲಿನ ನಡುವೆ ಪುಟ್ಟ ನೀಲಿ ಹೂ ಬಿಡುವ ವಿಷ್ಣುಕ್ರಾಂತಿ ಇದೇ ಕುಟುಂಬದ ದಾಯಾದಿ.

ಬಿತ್ತುವುದು ಹೇಗೆ?

ನಂಜನಗೂಡು, ನರಸೀಪುರದ ಕಡೆ ಮುಂಗಾರು ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ ಬಿತ್ತುವುದು ಒಳ್ಳೆಯದು. ದಸರಾ, ದೀಪಾವಳಿಯ ಹೊತ್ತಿಗೆ ಬೇಲಿ ತುಂಬುತ್ತದೆ. ತೋಟವೇ ಬೇಕೆಂದಿಲ್ಲ. ತಳಕ್ಕೆ ತೂತು ಮಾಡಿದ ಹಳೆಯ ಬಕೆಟ್ಟು ಅಥವಾ ಪೇಂಟಿನ ಡಬ್ಬ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಬರೀ ಎರೆಮಣ್ಣಾದರೆ ನೀರು ನಿಂತು ಬೇರು ಕೊಳೆಯುತ್ತದೆ, ಮರಳನ್ನು ಹೆಚ್ಚಿಸಿಕೊಳ್ಳಿ.

ಬೀಜ ಕಪ್ಪಗೆ, ಕಿತ್ತಳೆಯ ತೊಳೆಯ ಆಕಾರದಲ್ಲಿರುತ್ತದೆ. ಸಿಪ್ಪೆ ಬಲು ಗಟ್ಟಿ. ಹಾಗೇ ಹೂತರೆ ಕೆಲವು ವಾರಗಟ್ಟಲೆ ಮಲಗಿಬಿಡುತ್ತವೆ. ಬಡಗಿಗಳು ಬಳಸುವ ಮರಳು ಕಾಗದದಿಂದ ಬೀಜದ ಉಬ್ಬಿದ ಬೆನ್ನನ್ನು ನಾಲ್ಕು ಸಲ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಅರ್ಧ ಅಂಗುಲ ಆಳಕ್ಕೆ ಊರಿ. ನಾಲ್ಕರಿಂದ ಏಳು ದಿನಗಳಲ್ಲಿ ಮೊಳಕೆ ಬರುತ್ತದೆ. ಮೊದಲು ಬರುವ ಜೋಡಿ ಎಲೆಗಳು ಬಸವನಪಾದದ ಎಲೆಯ ಹಾಗೆ ನಡುವೆ ಸೀಳಿರುತ್ತವೆ. ಇವು ನಿಜವಾದ ಎಲೆಗಳಲ್ಲ, ಬೀಜದಳಗಳು. ಮಕ್ಕಳು ಚಿತ್ರ ಬರೆದಿಟ್ಟುಕೊಳ್ಳಲಿ.

ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಮಣ್ಣಿನ ಮೇಲ್ಭಾಗ ಒಣಗಿದಾಗ ನೀರು ಹಾಕಿದರೆ ಸಾಕು. ಹೂ ಹೆಚ್ಚು ಬರಲೆಂದು ಯೂರಿಯ ಸುರಿಯುವುದು ಬೇಡ. ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಯನ್ನೇ ಹೊದ್ದು ನಿಲ್ಲುತ್ತದೆ, ಹೂವಿನ ಸುದ್ದಿಯೇ ಇರುವುದಿಲ್ಲ.

ಎಲೆಗಳಲ್ಲಿ ತೂತು ಕಂಡರೆ ಕೂಡಲೇ ಔಷಧಿ ಹೊಡೆಯಲು ಓಡಬೇಡಿ, ಮೊದಲು ಎಲೆ ಮಗುಚಿ ನೋಡಿ. ಚಿನ್ನದ ರೇಕು ಅಂಟಿಸಿದಂತೆ ಹೊಳೆಯುವ ಆಮೆ ಜೀರುಂಡೆ ಅಲ್ಲಿ ಕುಳಿತಿರಬಹುದು. ಐಪೋಮಿಯ ಎಲೆಗಳೆಂದರೆ ಅದಕ್ಕೆ ಬಲು ಇಷ್ಟ. ಬೆಂಕಿಪೆಟ್ಟಿಗೆಯಲ್ಲಿ ಹಿಡಿದಿಟ್ಟರೆ ಸತ್ತ ಮೇಲೆ ಅದರ ಚಿನ್ನವೂ ಮಾಯವಾಗುತ್ತದೆ. ಎಲೆಯ ಮೇಲೆಯೇ ನೋಡುವುದು ಚೆಂದ.

ತಿರುಗುವ ತುದಿ

ಬಳ್ಳಿ ಗೇಣುದ್ದವಾದಾಗ ಪಕ್ಕದಲ್ಲಿ ಒಂದು ಕಡ್ಡಿ ನೆಡಿ ಅಥವಾ ಮೇಲಿನಿಂದ ದಾರ ಇಳಿಬಿಡಿ. ಅದಕ್ಕೆ ಮುಂಚೆ ಒಂದು ಭಾನುವಾರ ಅದರ ತುದಿ ಯಾವ ದಿಕ್ಕಿಗಿದೆ ಎಂದು ಅರ್ಧ ಗಂಟೆಗೊಮ್ಮೆ ಗುರುತು ಹಾಕಿ. ಆಸರೆ ಹುಡುಕುವ ತುದಿ ಗಾಳಿಯಲ್ಲಿ ವೃತ್ತ ಬರೆಯುತ್ತಿರುತ್ತದೆ. ಬೆಚ್ಚನೆಯ ದಿನ ಒಂದು ಸುತ್ತಿಗೆ ಒಂದೆರಡು ಗಂಟೆ ಸಾಕು. ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಬೀನ್ಸ್ ಬಳ್ಳಿಯೂ ಹಾಗೆಯೇ. ಭೂಮಧ್ಯರೇಖೆಯ ಆಚೆ ಹೋದರೆ ಬಳ್ಳಿಗಳು ತಿರುಗುವ ದಿಕ್ಕು ಬದಲಾಗುತ್ತದೆ ಎಂಬ ನಂಬಿಕೆಯೊಂದಿದೆ. ಬೇರೆಬೇರೆ ದೇಶಗಳ ಕಾಡುಗಳಲ್ಲಿ ಎಣಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸುಳ್ಳು ಮಾಡಿತು. ಯಾವ ಗೋಳಾರ್ಧವಾದರೂ ನೂರಕ್ಕೆ ಸುಮಾರು 92 ಬಳ್ಳಿಗಳು ಒಂದೇ ಕಡೆಗೆ ಸುತ್ತುತ್ತಿದ್ದವು.

ಬಳ್ಳಿಗಳ ಈ ನಡೆಯನ್ನು ಮೊದಲು ಕೂಲಂಕಷವಾಗಿ ಗಮನಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ಕಾಯಿಲೆಯಿಂದ ಕೋಣೆಯಲ್ಲೇ ಇರಬೇಕಾಗಿ ಬಂದಾಗ, ಅವರು ಕುಂಡದಲ್ಲಿದ್ದ ಹಾಪ್ ಬಳ್ಳಿಯ ತುದಿಯನ್ನು ಹಗಲೂ ರಾತ್ರಿ ನೋಡಿ ಲೆಕ್ಕ ಬರೆದಿಟ್ಟರು. ಆ ಕೆಲಸ 1865ರಲ್ಲಿ ಪ್ರಬಂಧವಾಗಿ, 1875ರಲ್ಲಿ ಪುಸ್ತಕವಾಗಿ ಬಂತು. ಆ ಕೆಲಸಕ್ಕೆ ಬೇಕಾಗಿದ್ದದ್ದು ಒಂದು ಕುಂಡ, ಒಂದು ಗಡಿಯಾರ ಮತ್ತು ತಾಳ್ಮೆ.

ಹೂವಿನೊಳಗಿನ ಗಡಿಯಾರ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಸೂರ್ಯ ಹುಟ್ಟುವ ಮೊದಲೇ ಹೂ ಅರಳುವುದಾದರೆ, ಬೆಳಗಾಗುತ್ತಿದೆ ಎಂದು ಅದಕ್ಕೆ ಹೇಳಿದವರು ಯಾರು?

ಉತ್ತರ ಸೋಜಿಗದ್ದು. ಹೂ ಬೆಳಗನ್ನು ನೋಡುವುದೇ ಇಲ್ಲ. ಅದು ಹಿಂದಿನ ದಿನದ ಸಂಜೆಯನ್ನು ನೋಡಿ, ಅಲ್ಲಿಂದ ಗಂಟೆ ಎಣಿಸುತ್ತದೆ. ಐಪೋಮಿಯ ನಿಲ್ ಮೇಲೆ ಜಪಾನಿನ ವಿಜ್ಞಾನಿಗಳು ನಡೆಸಿದ ಪ್ರಯೋಗಗಳಲ್ಲಿ, ಕತ್ತಲು ಶುರುವಾದ ಸುಮಾರು ಹತ್ತು ಗಂಟೆಗಳ ನಂತರ ಮೊಗ್ಗು ಅರಳುವುದು ಕಂಡುಬಂತು. ಹವೆ ತಂಪಾಗಿದ್ದರೆ ಇನ್ನಷ್ಟು ಬೇಗ.

ಈ ಲೆಕ್ಕವನ್ನು ನಮ್ಮ ಊರಿಗೆ ಹೊಂದಿಸಿ ನೋಡಿ. ಕಾರ್ತಿಕ ಮಾಸದಲ್ಲಿ ನಂಜನಗೂಡಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಆರೂ ಇಪ್ಪತ್ತಕ್ಕೆ ಕತ್ತಲು ಎಂದಿಟ್ಟುಕೊಂಡರೆ, ಹತ್ತು ಗಂಟೆ ಕೂಡಿಸಿದಾಗ ಬೆಳಗಿನ ನಾಲ್ಕೂ ಇಪ್ಪತ್ತು. ಕಾಕಡ ಬಿಡಿಸುವ ಹೊತ್ತು! ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲು ದಾಟಿದ ಮೇಲೆ. ಆಗ ಹೂ ಐದು ಗಂಟೆ ಕಳೆದ ಮೇಲೆ ಅರಳುತ್ತದೆ. ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ವೇಳೆ ನೋಡಿಕೊಂಡು ಯಾವ ವಿದ್ಯಾರ್ಥಿಯಾದರೂ ಇದನ್ನು ಪರೀಕ್ಷಿಸಬಹುದು.

ಗಿಡಗಳಿಗೆ ಒಳಗೊಂದು ಗಡಿಯಾರವಿದೆ ಎಂಬ ಸುಳಿವು ಮೊದಲು ಸಿಕ್ಕಿದ್ದು 1729ರಲ್ಲಿ. ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ಕತ್ತಲಲ್ಲಿಟ್ಟರು. ಬಿಸಿಲು ಕಾಣದಿದ್ದರೂ ಅದು ಹಗಲಿಗೆ ಎಲೆ ಬಿಚ್ಚುತ್ತಿತ್ತು, ಇರುಳಿಗೆ ಮಡಿಸುತ್ತಿತ್ತು. ಜೀವಿಗಳೊಳಗಿನ ಇಂಥ ಗಡಿಯಾರ ನಡೆಯುವ ಬಗೆಯನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

ಮಾರ್ನಿಂಗ್ ಗ್ಲೋರಿ ಹೂವನ್ನು ಅರಳಿಸಲು ಮಾತ್ರವಲ್ಲ, ಮೊಗ್ಗು ಕಟ್ಟಲೂ ಇರುಳನ್ನೇ ಅಳೆಯುತ್ತದೆ. ಇರುಳು ಸಾಕಷ್ಟು ದೀರ್ಘವಾಗಿದ್ದರೆ ಮಾತ್ರ ಅದು ಹೂವಿಗೆ ಅಣಿಯಾಗುತ್ತದೆ. ಐಪೋಮಿಯ ನಿಲ್‌ನ ‘ವಯಲೆಟ್’ ಎಂಬ ತಳಿಯ ಪುಟ್ಟ ಸಸಿಗೆ, ಬೀಜದಳ ಬಿಟ್ಟರೆ ಬೇರೆ ಎಲೆಯೇ ಇಲ್ಲದ ವಯಸ್ಸಿನಲ್ಲಿ, ಹದಿನಾರು ಗಂಟೆಯ ಒಂದೇ ಒಂದು ಕತ್ತಲು ಕೊಟ್ಟರೂ ಅದು ಮೊಗ್ಗು ಕಟ್ಟುತ್ತದೆ. ಆ ಕತ್ತಲಿನ ನಡುವೆ ಕೆಲವು ನಿಮಿಷ ಕೆಂಪು ಬೆಳಕು ಬಿಟ್ಟರೆ ಲೆಕ್ಕ ತಪ್ಪಿ ಮೊಗ್ಗು ಬರುವುದಿಲ್ಲ.

ನಮ್ಮ ಜಿಲ್ಲೆ ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ವರ್ಷದ ಅತಿ ಚಿಕ್ಕ ಇರುಳೂ ಹನ್ನೊಂದು ಗಂಟೆಗೆ ಕಡಿಮೆಯಿಲ್ಲ. ಆದ್ದರಿಂದ ಬಿತ್ತಿದ ಎರಡು ತಿಂಗಳೊಳಗೆ, ಕೆಲವೊಮ್ಮೆ ಅದಕ್ಕೂ ಮೊದಲೇ ಹೂ ಕಾಣುತ್ತದೆ. ಗೊಬ್ಬರ, ಬಿಸಿಲು ಎಲ್ಲ ಸರಿಯಿದ್ದೂ ಹೂ ಬಾರದಿದ್ದರೆ ರಾತ್ರಿ ಹೊರಗೆ ಬಂದು ತಲೆಯೆತ್ತಿ ನೋಡಿ. ಬೀದಿದೀಪವೋ ಪಡಸಾಲೆಯ ಬಲ್ಬೋ ರಾತ್ರಿಯಿಡೀ ಬಳ್ಳಿಯ ಮೇಲೆ ಉರಿಯುತ್ತಿರಬಹುದು.

ನೀವೇ ಮಾಡಿ ನೋಡಿ

ಮರುದಿನ ಅರಳುವ ಮೊಗ್ಗನ್ನು ಹಿಂದಿನ ದಿನ ಮಧ್ಯಾಹ್ನವೇ ಗುರುತಿಸಬಹುದು. ಅದು ಉದ್ದವಾಗಿ, ಬಣ್ಣ ತಳೆದು, ಮಡಿಸಿ ತಿರುಚಿಟ್ಟ ಕೊಡೆಯ ಹಾಗೆ ಕಾಣುತ್ತದೆ. ಅಂಥ ಮೂರು ಮೊಗ್ಗುಗಳನ್ನು ತೊಟ್ಟಿನ ಜೊತೆ ಕತ್ತರಿಸಿ, ಮೂರು ಲೋಟ ನೀರಿನಲ್ಲಿಡಿ.

1. ಮೊದಲನೆಯ ಲೋಟವನ್ನು ಸಂಜೆ ನಾಲ್ಕಕ್ಕೇ ಬೆಳಕು ನುಸುಳದ ಬೀರುವಿನಲ್ಲಿಡಿ.

2. ಎರಡನೆಯದನ್ನು ದೀಪದ ಬೆಳಕು ಬೀಳದ ಕಿಟಕಿಯ ಬಳಿ ಇಡಿ.

3. ಮೂರನೆಯದನ್ನು ರಾತ್ರಿಯಿಡೀ ಉರಿಯುವ ದೀಪದ ಕೆಳಗಿಡಿ.

ನಿದ್ದೆಗೆಡುವುದು ಬೇಡ. ಬೆಳಗಿನ ನಾಲ್ಕೂವರೆಗೆ ಒಮ್ಮೆ ಎದ್ದು ನೋಡಿದರೆ ಸಾಕು. ಬಹುಮಟ್ಟಿಗೆ ಮೊದಲನೆಯದು ಪೂರ್ತಿ ಅರಳಿರುತ್ತದೆ, ಎರಡನೆಯದು ಅರಳುತ್ತಿರುತ್ತದೆ, ಮೂರನೆಯದು ಹಿಂದುಳಿದಿರುತ್ತದೆ. ನಿಮಗೆ ಬೇರೆ ಫಲಿತಾಂಶ ಬಂದರೆ ಅದನ್ನೇ ಬರೆಯಿರಿ, ನನ್ನ ಲೇಖನಕ್ಕೆ ಹೊಂದುವಂತೆ ತಿದ್ದಬೇಡಿ. ಎರಡು ಮೂರು ಸಲ ಮಾಡಿ ನೋಡಿದ ಮೇಲೆ ತೀರ್ಮಾನಕ್ಕೆ ಬನ್ನಿ.

ಬಣ್ಣದ ಆಟವೂ ಉಂಟು. ನೀಲಿ ಹೂವಿನ ಮೇಲೆ ಒಂದು ಹನಿ ನಿಂಬೆರಸ ಹಾಕಿದರೆ ಆ ಜಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೂವಿನ ಆಂಥೊಸಯನಿನ್ ಎಂಬ ಬಣ್ಣದ್ರವ್ಯ ನಿಮ್ಮ ಪ್ರಯೋಗಶಾಲೆಯ ಲಿಟ್ಮಸ್‌ನಂತೆ ಆಮ್ಲ, ಕ್ಷಾರಗಳಿಗೆ ಬಣ್ಣ ಬದಲಿಸುತ್ತದೆ. ‘ಹೆವೆನ್ಲಿ ಬ್ಲೂ’ ತಳಿಯ ಮೊಗ್ಗು ನೇರಳೆಗೆಂಪು, ಅರಳಿದಾಗ ಆಕಾಶನೀಲಿ. ಎರಡರಲ್ಲೂ ಬಣ್ಣದ್ರವ್ಯ ಒಂದೇ. ಜೀವಕೋಶದ ರಸದಾನಿಯ ಪಿ.ಎಚ್. ಮಾತ್ರ 6.6ರಿಂದ 7.7ಕ್ಕೆ ಏರುತ್ತದೆ ಎಂದು ಜಪಾನಿನ ವಿಜ್ಞಾನಿಗಳು 1995ರಲ್ಲಿ ಅಳೆದು ತೋರಿಸಿದರು. ಹೂ ಬಾಡುವಾಗ ಮತ್ತೆ ಕೆಂಪು ಛಾಯೆ ಬರುವುದನ್ನು ನೀವೇ ನೋಡಬಹುದು.

ಅರಳಿದ ಹೂ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಬಿಸಿಲಿನ ಝಳಕ್ಕೆ ಬಾಡಿತು ಎಂದುಕೊಳ್ಳುತ್ತೇವೆ. ಮೋಡದ ದಿನ ಕೊಂಚ ಹೆಚ್ಚು ಹೊತ್ತು ನಿಲ್ಲುವುದೂ ನಿಜ. ಆದರೆ ಮುಖ್ಯ ಕಾರಣ ಒಳಗೇ ಇದೆ. ಐಪೋಮಿಯ ನಿಲ್‌ನಲ್ಲಿ ‘ಎಫೆಮೆರಲ್1’ ಎಂಬ ವಂಶವಾಹಿ ಹೂವಿನ ಮುಪ್ಪನ್ನು ನಡೆಸುತ್ತದೆಂದು 2014ರಲ್ಲಿ ಗೊತ್ತಾಯಿತು. ಅದನ್ನು ಅಡಗಿಸಿದ ಗಿಡಗಳಲ್ಲಿ ಹೂವಿನ ಆಯಸ್ಸು ಹತ್ತಿರಹತ್ತಿರ ಇಮ್ಮಡಿಯಾಯಿತು. ಹಳೆಯ ಹೂ ಮಾಸಿದ ಬಣ್ಣದಲ್ಲಿ, ಹೊಸ ಹೂ ನೀಲಿಯಲ್ಲಿ, ಎರಡೂ ಒಟ್ಟಿಗೆ ಒಂದೇ ಬಳ್ಳಿಯಲ್ಲಿ ನಿಂತವು.

ಜಪಾನಿನ ಮಕ್ಕಳ ಹೂ

ಈ ಹೂವಿನ ಸಂಶೋಧನೆಯಲ್ಲಿ ಜಪಾನಿನ ಹೆಸರೇ ಮತ್ತೆ ಮತ್ತೆ ಏಕೆ ಬರುತ್ತದೆ ಎಂದು ನೀವು ಕೇಳಬಹುದು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೀಜದ ಔಷಧಿಗಾಗಿ ಚೀನಾದಿಂದ ಅಲ್ಲಿಗೆ ಹೋದ ಬಳ್ಳಿ ಇದು. ಅಲ್ಲಿ ಇದನ್ನು ‘ಅಸಗಾವೊ’ ಎನ್ನುತ್ತಾರೆ, ಬೆಳಗಿನ ಮುಖ ಎಂದು ಅರ್ಥ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಜನ ಸೀಳು ದಳ, ಸುರುಳಿ ಎಲೆಗಳ ವಿಚಿತ್ರ ತಳಿಗಳನ್ನು ಹುಚ್ಚು ಹಿಡಿದಂತೆ ಬೆಳೆಸಿದರು. ಟೋಕಿಯೋದ ಇರಿಯ ಎಂಬಲ್ಲಿ ಪ್ರತಿ ವರ್ಷ ಜುಲೈ 6ರಿಂದ 8ರವರೆಗೆ ಈ ಹೂವಿನದೇ ಜಾತ್ರೆ ನಡೆಯುತ್ತದೆ. ಅಲ್ಲಿನ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳು ತಮ್ಮ ತಮ್ಮ ಕುಂಡದಲ್ಲಿ ಇದನ್ನು ಬೆಳೆಸಿ ದಿನಚರಿ ಬರೆಯುವುದು ವಾಡಿಕೆ. 2016ರಲ್ಲಿ ಐಪೋಮಿಯ ನಿಲ್‌ನ ಇಡೀ ಜೀನೋಮನ್ನು ಓದಿ ಮುಗಿಸಿದವರೂ ಅವರೇ. ಅವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಶಾಲೆಯ ಕುಂಡಕ್ಕೆ ನೀರು ಹಾಕಿದವರೇ ಇದ್ದಾರು.

ಎರಡು ಎಚ್ಚರಿಕೆ

ಬೀಜ ವಿಷಕಾರಿ. ಹಿಂದೆ ‘ಕಾಲಾದಾನ’ ಎಂಬ ಹೆಸರಿನಲ್ಲಿ ಇದನ್ನು ತೀವ್ರ ಭೇದಿಯ ಔಷಧಿಯಾಗಿ ಬಳಸುತ್ತಿದ್ದರು. ಮನೆಯಲ್ಲಿ ಪ್ರಯೋಗ ಮಾಡುವ ವಸ್ತು ಇದಲ್ಲ. ಚಿಕ್ಕ ಮಕ್ಕಳ ಕೈಗೆ, ದನಕರುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಬಿತ್ತಿದ ಮೇಲೆ ಕೈ ತೊಳೆಯಿರಿ.

ಇನ್ನೊಂದು, ಹೆಚ್ಚಾದ ಬೀಜ, ಬಳ್ಳಿಗಳನ್ನು ಕಾಲುವೆಗೋ ಹೊಳೆದಂಡೆಗೋ ಎಸೆಯಬೇಡಿ. ಕೆರೆಯಂಗಳಗಳಲ್ಲಿ ತಿಳಿನೇರಳೆ ಹೂ ಬಿಡುತ್ತ ಪೊದೆಪೊದೆಯಾಗಿ ತುಂಬಿಕೊಂಡಿರುವ ಐಪೋಮಿಯ ಕಾರ್ನಿಯವನ್ನು ನೀವು ಕಂಡಿರಬಹುದು. ಅದೂ ದಕ್ಷಿಣ ಅಮೆರಿಕದಿಂದ ಅಂದದ ಗಿಡವೆಂದು ಬಂದದ್ದೇ. ಬಂದ ಮೇಲೆ ನಮ್ಮ ಕೆರೆಗಳನ್ನೇ ನುಂಗತೊಡಗಿತು. ಬಲಿತು ಒಣಗಿದ ಕಾಯಿಗಳನ್ನು ಒಡೆಯುವ ಮೊದಲೇ ಕಿತ್ತು, ಮುಂದಿನ ವರ್ಷಕ್ಕೆ ಬೇಕಾದಷ್ಟನ್ನು ಕಾಗದದಲ್ಲಿ ಕಟ್ಟಿಡಿ. ಐಪೋಮಿಯ ನಿಲ್‌ನಲ್ಲಿ ಸಾಮಾನ್ಯವಾಗಿ ಸ್ವಪರಾಗಸ್ಪರ್ಶವೇ ನಡೆಯುವುದರಿಂದ ಅದೇ ಬಣ್ಣದ ಹೂವನ್ನು ಮತ್ತೆ ನಿರೀಕ್ಷಿಸಬಹುದು.

ತಂದೆತಾಯಿಗಳಲ್ಲಿ ಒಂದು ಮಾತು

“ಹೂವಿನ ಗಿಡ ನೋಡುತ್ತ ಕೂತರೆ ಅಂಕ ಬರುತ್ತದೆಯೇ ಸಾರ್?” ಎಂದು ಪಾಲಕರ ಸಭೆಯಲ್ಲಿ ಕೇಳುವವರಿದ್ದಾರೆ. ಅಂಕ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಕಣ್ಣಾರೆ ಕಂಡ ಮಗುವಿಗೆ ನಾಲ್ಕೇ ಅಂಕ ಕೊಟ್ಟವನು ನಾನು. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುವುದು, ‘ಹೌದೇ?’ ಎಂದು ಮತ್ತೆ ಹೋಗಿ ನೋಡುವುದು, ಇದೇ ವಿಜ್ಞಾನದ ಅ ಆ. ಅದನ್ನು ಕಲಿಸಲು ಒಂದು ಬಕೆಟ್ಟು ಮಣ್ಣು ಸಾಕು.

ಇನ್ನೊಂದನ್ನೂ ಈ ಬಳ್ಳಿ ನೆನಪಿಸುತ್ತದೆ. ಪರೀಕ್ಷೆ ಬಂತೆಂದರೆ ನಡುರಾತ್ರಿಯವರೆಗೆ ದೀಪ ಉರಿಸಿ ಮಕ್ಕಳನ್ನು ಕೂರಿಸುತ್ತೇವೆ. ದೀಪ ಆರಿದ ಮೇಲೆ ಹೊದಿಕೆಯೊಳಗೆ ಮೊಬೈಲು ಬೆಳಗುತ್ತದೆ. ನಮ್ಮ ದೇಹದ ಗಡಿಯಾರವೂ ಕತ್ತಲು ಬೆಳಕು ನೋಡಿಯೇ ತನ್ನನ್ನು ಸರಿಮಾಡಿಕೊಳ್ಳುವಂಥದ್ದು. ಮಕ್ಕಳು ಬೆಳಿಗ್ಗೆ ಗೆಲುವಾಗಿ ಏಳಬೇಕಾದರೆ ರಾತ್ರಿ ದೀಪ ಆರಬೇಕು.

ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ಅವಳ ವಯಸ್ಸಿನ ಮಗಳೋ ಮಗನೋ ಅವಳಿಗೂ ಇರಬಹುದು. ಈ ಪುರವಣಿ ಅವಳ ಕಣ್ಣಿಗೆ ಬಿದ್ದರೆ ಅವಳಿಗೆ ಹೇಳಬೇಕಾದದ್ದು ಇಷ್ಟೆ: ನೀನು ಬರೆದದ್ದು ಸರಿ ಇತ್ತಮ್ಮ. ಆ ಕೆಂಪು ಗೆರೆ ನನ್ನ ತಪ್ಪು. ನಿನ್ನ ಅಂಕ ಹತ್ತಕ್ಕೆ ಹತ್ತು.